ನಮ್ಮ ಬಿಸಿಲಲ್ಲೇ ಎಲೆಯನ್ನು ಅಳೆಯಿರಿ: ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕುಲಪತಿಗಳಿಗೆ ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ,

ನಮಸ್ಕಾರ. ನಾನು ಸಿಂಧನೂರಿನ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಗಂಡನ ಮನೆ ಸಿಂಧನೂರು ತಾಲ್ಲೂಕಿನಲ್ಲೇ, ಕಾಲುವೆ ನೀರು ಬರುವ ಊರು. ತವರು ಸಿರವಾರ ಕಡೆ. ಅದೇ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಅಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಈ ಪತ್ರಕ್ಕೆ ಆ ಎರಡೂ ಊರುಗಳು ಕಾರಣ. ನನ್ನ ಒಬ್ಬ ವಿದ್ಯಾರ್ಥಿಯೂ ಕಾರಣ.

ಅವತ್ತಿನ ಪಾಠ ಎಲೆಯದು. ಬಿಸಿಲು, ನೀರು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್, ಇಷ್ಟರಿಂದಲೇ ಎಲೆ ಹೇಗೆ ಸಕ್ಕರೆ ಮಾಡಿಕೊಳ್ಳುತ್ತದೆ ಅಂತ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಮೇಡಂ, ಬಿಸಲಿಂದನ ಎಲಿ ಅಡಿಗಿ ಮಾಡತೈತಿ ಅಂತೀರಿ. ನಮ್ಮ ಕಡಿ ಇಷ್ಟು ಬಿಸಲು ಐತಿ. ಹಂಗಾದ್ರ ನಮ್ಮ ನೆಲ್ಲು ಎಲ್ಲಾರಕಿಂತ ಜಾಸ್ತಿ ಬೆಳೀಬೇಕಲ್ರಿ?" ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಅಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ನೆಲ್ಲು, ಅಂದರೆ ಭತ್ತ ಬೆಳೆಯುವ ಮನೆಯ ಮಕ್ಕಳೇ.

ಬಿಸಿಲು ಒಂದು ಮಿತಿ ದಾಟಿದರೆ ಎಲೆ ಸೋಲುತ್ತದೆ ಅಂದೆ. "ಎಷ್ಟು ಸೋಲತೈತ್ರಿ?" ಅಂದ. ಅಲ್ಲಿಗೆ ನಾನು ನಿಂತೆ. ಪುಸ್ತಕದಲ್ಲಿ ಅಮೆರಿಕದ ಗೋಧಿ, ಸೋಯಾ, ತಂಬಾಕಿನ ಅಂಕಿಗಳು ಸಿಗುತ್ತವೆ. ಸಿಂಧನೂರಿನ ಗದ್ದೆಯಲ್ಲಿ ಏಪ್ರಿಲ್ ಮಧ್ಯಾಹ್ನ ಬಿಪಿಟಿ ತಳಿಯ ನೆಲ್ಲಿನ ಗರಿ ಎಷ್ಟು ಕಳೆದುಕೊಳ್ಳುತ್ತದೆ ಅಂತ ಆ ಹುಡುಗನ ಮುಂದೆ ಇಡೋಕೆ ನನ್ನ ಬಳಿ ಒಂದು ಅಂಕಿ ಇರಲಿಲ್ಲ.

ಆ ಅಂಕಿಗಾಗಿಯೇ ನಿಮಗೆ ಬರೆಯುತ್ತಿದ್ದೇನೆ. ಅದು ಯಾಕೆ ಅಷ್ಟು ಮುಖ್ಯ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮಗೆ ಗೊತ್ತಿರುವುದೇ. ಆದರೆ ಇದು ಬಹಿರಂಗ ಪತ್ರ, ನಮ್ಮ ರೈತರೂ ಓದಬೇಕು.

ಎಲೆಯ ಜೀವಕೋಶದೊಳಗೆ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಚೀಲಗಳಿವೆ. ಬೆಳಕು ಹಿಡಿಯುವುದೂ ಅಲ್ಲೇ, ಸಕ್ಕರೆ ಕಟ್ಟುವುದೂ ಅಲ್ಲೇ. ಸಕ್ಕರೆ ಕಟ್ಟುವ ಮೊದಲ ಕೆಲಸ ರುಬಿಸ್ಕೊ ಎಂಬ ಕಿಣ್ವದ್ದು. ಭೂಮಿಯ ಮೇಲೆ ಅತಿ ಹೆಚ್ಚು ಇರುವ ಪ್ರೊಟೀನ್ ಇದೇ ಅಂತಾರೆ. ಅಷ್ಟೊಂದು ಯಾಕೆ ಬೇಕು? ಅದು ಬಹಳ ನಿಧಾನ, ಅದಕ್ಕೆ. ಒಂದು ಸೆಕೆಂಡಿಗೆ ಮೂರೋ ನಾಲ್ಕೋ ಅಣು ಹಿಡಿದರೆ ಹೆಚ್ಚು. ನಿಧಾನ ಇದ್ದರೂ ತಡೆಯಬಹುದಿತ್ತು, ಆದರೆ ಅದಕ್ಕೆ ಗುರುತೂ ಸರಿಯಾಗಿ ಸಿಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ಹಿಡಿಯುವ ಬದಲು ಆಮ್ಲಜನಕ ಹಿಡಿದುಬಿಡುತ್ತದೆ. ಹದವಾದ ಹವೆಯಲ್ಲೇ ನಾಲ್ಕೈದು ಸಲಕ್ಕೆ ಒಂದು ಸಲ ಈ ತಪ್ಪು ಆಗುತ್ತದೆ. ತಪ್ಪಿನಿಂದ ಹುಟ್ಟುವ ವಸ್ತು ಗಿಡಕ್ಕೆ ಒಳ್ಳೆಯದಲ್ಲ. ಅದನ್ನು ಕ್ಲೋರೋಪ್ಲಾಸ್ಟಿನಿಂದ ಹೊರಗೆ ಕಳಿಸಿ, ಕೋಶದ ಇನ್ನೆರಡು ಕೋಣೆ ಸುತ್ತಿಸಿ, ಸರಿಮಾಡಿ, ಮತ್ತೆ ಒಳಗೆ ತರಬೇಕು. ಈ ಸುತ್ತಾಟದಲ್ಲಿ ಕಷ್ಟಪಟ್ಟು ಹಿಡಿದ ಇಂಗಾಲ ಸ್ವಲ್ಪ ಗಾಳಿಗೆ ಹೋಗುತ್ತದೆ, ಶಕ್ತಿಯೂ ಖರ್ಚಾಗುತ್ತದೆ. ಇದಕ್ಕೆ ಬೆಳಕಿನ ಉಸಿರಾಟ, ಅಂದರೆ ಫೋಟೋರೆಸ್ಪಿರೇಷನ್ ಅಂತ ಹೆಸರು.

ಇಷ್ಟೂ ಹದವಾದ ಹವೆಯ ಕಥೆ. ನಮ್ಮ ಕಥೆ ಬೇರೆ. ಬಿಸಿ ಏರಿದ ಹಾಗೆ ಎಲೆಯ ನೀರಿನಲ್ಲಿ ಕರಗುವ ಇಂಗಾಲದ ಡೈಆಕ್ಸೈಡ್ ಆಮ್ಲಜನಕಕ್ಕಿಂತ ಬೇಗ ಕಡಿಮೆಯಾಗುತ್ತದೆ. ರುಬಿಸ್ಕೊದ ಗುರುತು ಇನ್ನಷ್ಟು ತಪ್ಪುತ್ತದೆ. ಮೇಲಿಂದ ಒಣಗಾಳಿ ಬೀಸಿದರೆ ಗಿಡ ನೀರು ಉಳಿಸಿಕೊಳ್ಳಲು ಎಲೆಯ ರಂಧ್ರ ಮುಚ್ಚುತ್ತದೆ. ಆಗ ಒಳಗೆ ಬರುವ ಇಂಗಾಲವೂ ನಿಲ್ಲುತ್ತದೆ. ಇನ್ನೊಂದು ಸಂಗತಿ ಇದೆ. ರುಬಿಸ್ಕೊಗೆ ಒಂದು ಸಹಾಯಕ ಪ್ರೊಟೀನ್ ಉಂಟು. ಕೆಲಸದ ನಡುವೆ ರುಬಿಸ್ಕೊದ ಬಾಯಿಗೆ ಸಿಕ್ಕಿಕೊಳ್ಳುವ ಸಕ್ಕರೆ ತುಣುಕನ್ನು ಬಿಡಿಸುವುದು ಅದರ ಕೆಲಸ. ಹೆಸರು ಆಕ್ಟಿವೇಸ್. ಬಿಸಿಲಿಗೆ ರುಬಿಸ್ಕೊಗಿಂತ ಮೊದಲು ಸುಸ್ತಾಗುವುದು ಈ ಸಹಾಯಕ. 35 ಡಿಗ್ರಿ ದಾಟಿದ ಮೇಲೆ ಅನೇಕ ಬೆಳೆಗಳಲ್ಲಿ ಅದು ಕೈಚೆಲ್ಲುತ್ತದೆ.

ನಮ್ಮಲ್ಲಿ ಮಾರ್ಚ್ ಮಧ್ಯದಿಂದ ಮೇ ಕೊನೆ ತನಕ ಮಧ್ಯಾಹ್ನ 35ರ ಕೆಳಗೆ ಇರುವ ದಿನ ಅಪರೂಪ. ಎರಡನೇ ಬೆಳೆ ನೆಲ್ಲು ಗದ್ದೆಯಲ್ಲಿ ತೆನೆ ಕಟ್ಟುವುದು ಅದೇ ದಿನಗಳಲ್ಲಿ.

ಈಗ ತವರಿನ ಮಾತು. ನಮ್ಮ ಅವ್ವ ಎರೆ ಹೊಲದಲ್ಲಿ ಮಾಲ್ದಂಡಿ ಬಿಳಿಜೋಳ ಬಿತ್ತಿಸುತ್ತಿದ್ದಳು. ಹಿಂಗಾರಿ ಮಳೆ ನಿಂತ ಮೇಲೆ ಬಿತ್ತಿದರೆ ಆಯಿತು, ನೆಲದ ಹಸಿಯ ಮೇಲೆಯೇ ಬೆಳೆ ಬರುತ್ತಿತ್ತು. ಸಂಕ್ರಾಂತಿ ಸುಮಾರಿಗೆ ಸೀತನಿ ಸುಟ್ಟು ತಿನ್ನುವುದು, ಆಮೇಲೆ ರಾಶಿ, ದನಕ್ಕೆ ಕಣಕಿ. ಯಾವ ಕಾಲುವೆಯೂ ಬೇಕಿರಲಿಲ್ಲ. ಬಿ.ಎಸ್ಸಿ ಓದುವಾಗಲೇ ನನಗೆ ಗೊತ್ತಾಗಿದ್ದು, ಅವ್ವನ ಜೋಳದ ಎಲೆಯೊಳಗೆ ಎಂಥ ಯಂತ್ರ ಇತ್ತು ಅಂತ. ಜೋಳದ ಎಲೆ ಕೆಲಸವನ್ನು ಇಬ್ಬರಿಗೆ ಹಂಚಿದೆ. ಹೊರಗಿನ ಕೋಶಗಳು ಇಂಗಾಲವನ್ನು ಹಿಡಿದು, ನಾಲ್ಕು ಇಂಗಾಲದ ಒಂದು ಆಮ್ಲವಾಗಿ ಮಾಡಿ ಒಳಕ್ಕೆ ದೂಡುತ್ತವೆ. ನರದ ಸುತ್ತ ಉಂಗುರದ ಹಾಗೆ ಕೂತ ಒಳಗಿನ ಕೋಶಗಳಲ್ಲಿ ರುಬಿಸ್ಕೊ ಇದೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ದಟ್ಟವಾಗಿ ತುಂಬಿರುತ್ತದೆ ಅಂದರೆ ಆಮ್ಲಜನಕಕ್ಕೆ ಸರದಿ ಸಿಗುವುದೇ ಕಷ್ಟ. ಇದನ್ನು ಸಿ4 ಅಂತಾರೆ. ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ಕಬ್ಬಿನ ಎಲೆಯಲ್ಲಿ ಈ ದಾರಿಯನ್ನು ಬಿಡಿಸಿ ತೋರಿಸಿದರು. ಜೋಳ, ಸಜ್ಜೆ, ನವಣೆ, ಮೆಕ್ಕೆಜೋಳ, ಕಬ್ಬು ಈ ಗುಂಪು. ನೆಲ್ಲು, ಹತ್ತಿ, ತೊಗರಿ, ಶೇಂಗಾ, ಮೆಣಸಿನಕಾಯಿ ಇನ್ನೊಂದು ಗುಂಪು, ಬಿಸಿಲಿಗೆ ಸೋಲುವ ಗುಂಪು.

ಇದನ್ನು ತಿಳಿದ ಮೇಲೆ ನಮ್ಮ ಜಿಲ್ಲೆಯ ಚರಿತ್ರೆ ನನಗೆ ಬೇರೆ ಥರ ಕಾಣತೊಡಗಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಹರಿಯಿತು. 227 ಕಿಲೋಮೀಟರ್ ಎಡದಂಡೆ ಕಾಲುವೆಯ ಬಹುಪಾಲು ನೀರನ್ನು ಲೆಕ್ಕ ಹಾಕಿದ್ದು ಅರೆ ಖುಷ್ಕಿ, ಅಂದರೆ ಕಡಿಮೆ ನೀರು ಸಾಕಾಗುವ ಬೆಳೆಗಳಿಗೆ. ಕರಾವಳಿ ಆಂಧ್ರದಿಂದ ಬಂದವರು ಕ್ಯಾಂಪ್ ಕಟ್ಟಿ ನೆಲ್ಲು ಬೆಳೆದು ತೋರಿಸಿದರು. ನಮ್ಮವರೂ ಕಲಿತರು. ಗಂಗಾವತಿ, ಸಿಂಧನೂರು, ಸಿರುಗುಪ್ಪ ಭತ್ತದ ಕಣಜ ಆದವು. ನಾನೂ ಆ ನೆಲ್ಲಿನ ದುಡ್ಡಿನಲ್ಲೇ ಸಂಸಾರ ಮಾಡುವವಳು, ಅದನ್ನು ದೂರುವ ಹಕ್ಕು ನನಗಿಲ್ಲ. ಆದರೆ ಬಿಸಿಲಿಗೆ ಗೆಲ್ಲುವ ಎಲೆಯನ್ನು ತೆಗೆದು, ಬಿಸಿಲಿಗೆ ಸೋಲುವ ಎಲೆಯನ್ನು ತಂದು, ಅದರ ಸೋಲನ್ನು ನೀರಿನಿಂದ ತುಂಬುತ್ತಾ ಬಂದಿದ್ದೇವೆ. ಆ ನೀರು ಮೇಲಿನವರಲ್ಲೇ ಮುಗಿಯುತ್ತದೆ. ನನ್ನ ಅಣ್ಣನ ಹೊಲದ ಪಕ್ಕದ ಉಪಕಾಲುವೆಯಲ್ಲಿ ಜಾಲಿ ಬೆಳೆದಿದೆ.

ನೀರೂ ಮೊದಲಿನಷ್ಟಿಲ್ಲ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳಿನಿಂದ ಈಗ 105 ಚಿಲ್ಲರೆಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆ ವಾರ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡಲಿಲ್ಲ. ಸಸಿ ಮಡಿ ತಯಾರಿತ್ತು, ನೀರು ಮಾತ್ರ ಹೊಳೆಗೆ ಹೋಗುತ್ತಿತ್ತು. ತಾತ್ಕಾಲಿಕ ಗೇಟು ಕೂರಿಸುವ ತನಕ ನನ್ನ ಮಾವನವರು ಫೋನ್ ಕೈಯಿಂದ ಬಿಡಲಿಲ್ಲ.

ಹಾಗಾಗಿ ಎಲೆಯನ್ನೇ ತಿದ್ದುವ ವಿಜ್ಞಾನದ ಸುದ್ದಿ ಬಂದಾಗ ನಾನು ಅದನ್ನು ಕುತೂಹಲಕ್ಕೆ ಓದಲಿಲ್ಲ. ಮನೆಯ ವಿಷಯದ ಹಾಗೆ ಓದಿದೆ.

2019ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಪಾಲ್ ಸೌತ್, ಅಮಂಡಾ ಕ್ಯಾವನಾ, ಡೊನಾಲ್ಡ್ ಆರ್ಟ್ ಮತ್ತು ಜೊತೆಗಾರರು ಮಾಡಿದ ಕೆಲಸವನ್ನು ನಮ್ಮ ಕಡೆಯವರಿಗೆ ಕಾಲುವೆಯ ಭಾಷೆಯಲ್ಲೇ ಹೇಳಬಹುದು. ರುಬಿಸ್ಕೊದ ತಪ್ಪಿನಿಂದ ಹುಟ್ಟಿದ ವಸ್ತು ಮೂರು ಕೋಣೆ ಸುತ್ತಿ ಬರುತ್ತದೆ ಅಂದೆನಲ್ಲ, ಅದು ಸೋರುವ ಹಳೇ ಕಾಲುವೆ. ಅವರು ಕ್ಲೋರೋಪ್ಲಾಸ್ಟಿನ ಒಳಗೇ ಒಂದು ಅಡ್ಡಗಾಲುವೆ ತೋಡಿದರು. ಅದಕ್ಕೆ ಒಂದು ಜೀನ್ ಹಸಿರು ಪಾಚಿಯಿಂದ, ಇನ್ನೊಂದು ಕುಂಬಳ ಗಿಡದಿಂದ ತಂದರು. ಆಮೇಲೆ ಹಳೇ ಕಾಲುವೆಯ ಬಾಯಿಗೆ ಗೇಟು ಇಳಿಸಿದರು. ಅಂದರೆ, ಆ ವಸ್ತುವನ್ನು ಹೊರಗೆ ಸಾಗಿಸುವ ಪ್ರೊಟೀನನ್ನು ಕಡಿಮೆ ಮಾಡಿದರು. ಹೊಲದಲ್ಲಿ ಬೆಳೆಸಿದಾಗ ಆ ತಂಬಾಕು ಗಿಡಗಳ ತೂಕ ಸಾಮಾನ್ಯ ಗಿಡಗಳಿಗಿಂತ ಶೇ 40ಕ್ಕೂ ಜಾಸ್ತಿ ಬಂತು. ಮುಂದೆ ಅದೇ ದಾರಿಯನ್ನು ಆಲೂಗಡ್ಡೆಯಲ್ಲಿ ಹಾಕಿದರು. 2022ರ ಬೇಸಿಗೆಯ ಬಿಸಿಗಾಳಿಯ ನಡುವೆ ಬೆಳೆದ ಆ ಗಿಡಗಳಲ್ಲಿ ಗಡ್ಡೆಯ ತೂಕ ಶೇ 30ರಷ್ಟು ಹೆಚ್ಚು ಬಂತು.

ಅಲ್ಲಿ 35 ಡಿಗ್ರಿ ದಾಟಿದ ಕೆಲವು ದಿನಗಳಿಗೆ ಬಿಸಿಗಾಳಿ ಅಂದರು. ಇದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟೆ. ಅವರ ಬಿಸಿಗಾಳಿ ನಮ್ಮ ದಿನನಿತ್ಯದ ಮಧ್ಯಾಹ್ನ. ಈ ನಷ್ಟ ಬಿಸಿಯ ಜೊತೆ ಏರುತ್ತದೆ ಅನ್ನುವುದಾದರೆ, ಅದು ಅತಿ ಹೆಚ್ಚು ಆಗುತ್ತಿರುವುದು ನಮ್ಮ ಗದ್ದೆಯಲ್ಲಿ. ಅಳೆಯುವುದು ಮಾತ್ರ ಇಲಿನಾಯ್‌ನಲ್ಲಿ.

ಆಕ್ಟಿವೇಸ್ ಬಗ್ಗೆಯೂ ಕೆಲಸ ಆಗಿದೆ. ಉತ್ತರ ಆಸ್ಟ್ರೇಲಿಯಾದ ಸುಡುಬಿಸಿಲಲ್ಲಿ ಬೆಳೆಯುವ ಒಂದು ಕಾಡುಭತ್ತ ಇದೆ. ಅದರ ಆಕ್ಟಿವೇಸ್ ನಮ್ಮ ನೆಲ್ಲಿನದಕ್ಕಿಂತ ಬಿಸಿ ತಡೆಯುತ್ತದೆ. 2018ರಲ್ಲಿ ಅದನ್ನು ಬೆಳೆಯುವ ನೆಲ್ಲಿಗೆ ಹಾಕಿ ನೋಡಿದಾಗ, 45 ಡಿಗ್ರಿ ಬಿಸಿ ಕೊಟ್ಟರೂ ಗಿಡ ಚೆನ್ನಾಗಿ ಬೆಳೆದು ಹೆಚ್ಚು ಕಾಳು ಕೊಟ್ಟಿತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸುದ್ದಿ ಇದೇ. ನೆಲ್ಲಿನ ಬಳಗದ ಜೀನು ನೆಲ್ಲಿಗೇ ಬಂದದ್ದು. 45 ಡಿಗ್ರಿ ಅಂದರೆ ಏನು ಅಂತ ರಾಯಚೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ನೆಲ್ಲನ್ನೇ ಜೋಳದ ಹಾಗೆ ಸಿ4 ಮಾಡುವ ಪ್ರಯತ್ನವೂ ನಡೆದಿದೆ. ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ 2008ರಲ್ಲಿ ಶುರುವಾದ ಆ ಯೋಜನೆ ಈಗ ಆಕ್ಸ್‌ಫರ್ಡ್ ಮುಂದಾಳತ್ವದಲ್ಲಿ ಸಾಗಿದೆ. ಎಲೆಯ ಅಂಗರಚನೆಯನ್ನೇ ಬದಲಿಸಬೇಕು, ಅದು ದೂರದ ದಾರಿ. ರೈತರ ಹೊಲಕ್ಕೆ ಇನ್ನೂ ಬಂದಿಲ್ಲ.

ಕ್ಲೋರೋಪ್ಲಾಸ್ಟಿನ ವಿಷಯದಲ್ಲಿ ನನ್ನ ವಿದ್ಯಾರ್ಥಿಗಳಿಗೆ ಬಹಳ ಇಷ್ಟವಾದ ಒಂದು ಮಾತಿದೆ. ಕ್ಲೋರೋಪ್ಲಾಸ್ಟಿಗೆ ತನ್ನದೇ ಸಣ್ಣ ಡಿಎನ್‌ಎ ಇದೆ. ನೆಲ್ಲಿನದನ್ನು ಜಪಾನಿನವರು 1989ರಲ್ಲೇ ಪೂರ್ತಿ ಓದಿದರು, 1,34,525 ಅಕ್ಷರ. ಆ ಡಿಎನ್‌ಎಗೆ ಹೊಸ ಜೀನ್ ಸೇರಿಸಬೇಕಾದರೆ ಚಿನ್ನದ ಅತಿ ಸಣ್ಣ ಕಣಗಳಿಗೆ ಜೀನ್ ಲೇಪಿಸಿ ಎಲೆಯ ಮೇಲೆ ಬಂದೂಕಿನ ಹಾಗೆ ಹಾರಿಸುತ್ತಾರೆ. ನಿಜವಾದ ಚಿನ್ನ. ಹಟ್ಟಿಯಲ್ಲಿ ತೆಗೆಯುತ್ತೇವಲ್ಲ, ಅದೇ. ಗುಂಡೇಟಿನಲ್ಲಿ ಒಂದೆರಡು ಕಣ ಕ್ಲೋರೋಪ್ಲಾಸ್ಟಿಗೆ ತಾಗಿದರೂ ಕೆಲಸ ಮುಗಿಯಲ್ಲ. ಒಂದು ಕೋಶದಲ್ಲಿ ಈ ಡಿಎನ್‌ಎಯ ಸಾವಿರಾರು ಪ್ರತಿಗಳಿರುತ್ತವೆ. ಎಲ್ಲವೂ ಬದಲಾಗುವ ತನಕ ಗಿಡವನ್ನು ಆರಿಸುತ್ತಾ ಹೋಗಬೇಕು. ತಂಬಾಕಿನಲ್ಲಿ ಇದು 1990ರಲ್ಲಿ ಸಾಧ್ಯವಾಯಿತು. ನೆಲ್ಲು, ಗೋಧಿಯಂಥ ಹುಲ್ಲಿನ ಜಾತಿಯಲ್ಲಿ ಇಂದಿಗೂ ಬಹಳ ಕಷ್ಟ. ಇಲಿನಾಯ್‌ನವರು ಸುತ್ತುದಾರಿ ಹಿಡಿದರು. ಜೀನನ್ನು ಕೋಶಕೇಂದ್ರದಲ್ಲಿ ಇಟ್ಟು, ಅದು ಮಾಡುವ ಪ್ರೊಟೀನಿಗೆ ಕ್ಲೋರೋಪ್ಲಾಸ್ಟಿನ ವಿಳಾಸದ ಚೀಟಿ ಅಂಟಿಸಿದರು.

ಎರಡರ ನಡುವೆ ರೈತನಿಗೆ ಸಂಬಂಧಿಸಿದ ವ್ಯತ್ಯಾಸವೂ ಉಂಟು. ನೆಲ್ಲು, ತಂಬಾಕು ಸೇರಿ ಹೆಚ್ಚಿನ ಬೆಳೆಗಳಲ್ಲಿ ಕ್ಲೋರೋಪ್ಲಾಸ್ಟ್ ಬರುವುದು ತಾಯಿ ಗಿಡದಿಂದ, ಪರಾಗದಿಂದಲ್ಲ. ಅಲ್ಲಿ ಕೂರಿಸಿದ ಜೀನ್ ಗಾಳಿಯಲ್ಲಿ ಹಾರಿ ಪಕ್ಕದ ಹೊಲಕ್ಕೋ ಕಾಡುಭತ್ತಕ್ಕೋ ಹೋಗುವುದು ಬಹಳ ಕಡಿಮೆ. ಕೋಶಕೇಂದ್ರದಲ್ಲಿ ಕೂರಿಸಿದ್ದಕ್ಕೆ ಆ ಭದ್ರತೆ ಇಲ್ಲ. ಈ ಮಾತನ್ನು ಹಳ್ಳಿಯ ಸಭೆಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗದ್ದಲ್ಲ. ಹೈಬ್ರಿಡ್ ಬೀಜ ಮಾಡುವ ಹೊಲಗಳಲ್ಲಿ ದುಡಿದ ಹೆಂಗಸರು ನಮ್ಮಲ್ಲಿ ಎಷ್ಟೋ ಜನ. ಗಂಡು ಸಾಲು, ಹೆಣ್ಣು ಸಾಲು, ಪರಾಗ, ಎಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಇನ್ನು ಹಸಿರಿನ ಬಗ್ಗೆ ಒಂದು ಮಾತು, ಸ್ವಲ್ಪ ಬೇಜಾರಿನದು. ಹೋದ ವರ್ಷ ನನ್ನ ಮೈದುನ ಒಂದು ಅಂಗಡಿಯಿಂದ ಟಾನಿಕ್ ತಂದ. ಹೊಡೆದರೆ ಎಲೆಯ ಹರಿತ್ತು ಡಬಲ್ ಆಗುತ್ತೆ, ಬಿಸಿಲನ್ನೇ ಕುಡಿದು ಕಾಳು ಕಟ್ಟುತ್ತೆ ಅಂತ ಹೇಳಿ ಕೊಟ್ಟಿದ್ದರು. ಎರಡು ಸಲ ಹೊಡೆದ. ಜೊತೆಗೆ ಯೂರಿಯಾನೂ ಒಂದು ಚೀಲ ಜಾಸ್ತಿ ಹಾಕಿದ. ಗದ್ದೆ ಕಪ್ಪು ಹಸಿರಾಯಿತು, ನೋಡಿದವರೆಲ್ಲ ಹೊಗಳಿದರು. ಮೂರೇ ವಾರಕ್ಕೆ ಕಂದು ಜಿಗಿಹುಳು ಬಿತ್ತು. ಉಳಿದದ್ದು ಗಾಳಿಗೆ ನೆಲಕಚ್ಚಿತು. ಟಾನಿಕ್, ಯೂರಿಯಾ, ಆಮೇಲೆ ಔಷಧ, ಮೂರಕ್ಕೂ ದುಡ್ಡು ಹೋಯಿತು. ಅವನು ಓದು ಬರಹ ಬಲ್ಲವನೇ. ಎಲೆ ಹಸಿರಾದಷ್ಟೂ ಹೆಚ್ಚು ಕೆಲಸ ಮಾಡುತ್ತೆ ಅನ್ನೋದು ಯಾರಿಗೂ ನಿಜ ಅನ್ನಿಸುವಂಥ ಮಾತು, ಅಲ್ವಾ?

ಆದರೆ ದಟ್ಟವಾಗಿ ನಾಟಿ ಮಾಡಿದ ಗದ್ದೆಯಲ್ಲಿ ಮೇಲಿನ ಗರಿಗಳು ಕಾಲುವೆಯ ಮೇಲಿನ ಊರಿನ ಹಾಗೆ. ತಮಗೆ ಬೇಕಾದ್ದಕ್ಕಿಂತ ಜಾಸ್ತಿ ಬೆಳಕು ಹಿಡಿಯುತ್ತವೆ, ಬಳಸಲಾಗದ್ದನ್ನು ಶಾಖವಾಗಿ ಚೆಲ್ಲುತ್ತವೆ. ಕೆಳಗಿನ ಗರಿಗಳು ಕೊನೆ ಭಾಗದವರು, ಅವುಗಳಿಗೆ ಬೆಳಕು ಮುಟ್ಟುವುದೇ ಇಲ್ಲ. ಮೇಲಿನ ಗರಿಯ ಹಸಿರು ಸ್ವಲ್ಪ ತಿಳಿಯಾದರೆ ಇಡೀ ಪೈರಿಗೆ ಒಳ್ಳೆಯದಾಗಬಹುದು ಅಂತ ಯೋಚಿಸುವ ವಿಜ್ಞಾನಿಗಳಿದ್ದಾರೆ. ಹೀಗೆ ಶಾಖವಾಗಿ ಚೆಲ್ಲುವ ಅಭ್ಯಾಸವನ್ನೂ ತಿದ್ದಲು ನೋಡಿದ್ದಾರೆ. ಬಿಸಿಲಿನಿಂದ ಪಡಸಾಲೆಗೆ ಬಂದರೆ ಒಂದು ಗಳಿಗೆ ಕಣ್ಣು ಕಾಣಲ್ಲ. ಎಲೆಗೂ ಹಾಗೇ. ಮೋಡದ ನೆರಳು ಬಿದ್ದರೂ ಕೆಲವು ನಿಮಿಷ ಅದು ಬೆಳಕನ್ನು ಚೆಲ್ಲುತ್ತಲೇ ಇರುತ್ತದೆ. ಮೂರು ಜೀನ್‌ಗಳ ಕೆಲಸ ಹೆಚ್ಚಿಸಿ ಎಲೆ ಬೇಗ ಹೊಂದಿಕೊಳ್ಳುವಂತೆ ಮಾಡಿದಾಗ, 2016ರಲ್ಲಿ ತಂಬಾಕಿನ ತೂಕ ಶೇ 14ರಿಂದ 20ರಷ್ಟು ಹೆಚ್ಚಿತು. ಮುಂದೆ ಸೋಯಾದಲ್ಲೂ ಮಾಡಿದರು. ಒಂದು ವರ್ಷ ಸರಾಸರಿ ಶೇ 24ರಷ್ಟು ಹೆಚ್ಚು ಕಾಳು ಬಂತು, ಅದು 2022ರಲ್ಲಿ ಪ್ರಕಟವಾಯಿತು. ಮರುವರ್ಷದ ಪ್ರಯೋಗದಲ್ಲಿ ಪೈರು ಒರಗಿ, ಹೆಚ್ಚಳ ಕಾಣಲಿಲ್ಲ. ಬೇರೆ ಕೆಲವು ಗಿಡಗಳಲ್ಲಿ ಇದೇ ತಿದ್ದುಪಡಿಯಿಂದ ಲಾಭವೇ ಆಗಲಿಲ್ಲ.

ಈ ಸೋಲುಗಳನ್ನೂ ರೈತರಿಗೆ ಹೇಳಬೇಕು ಅಂತ ನಾನು ನಂಬಿದ್ದೇನೆ. ತಂಬಾಕಿನ ಎಲೆ ತೂಗಿದಷ್ಟು ಸುಲಭವಾಗಿ ನೆಲ್ಲಿನ ಕಾಳು ತೂಗುವುದಿಲ್ಲ. ನೆಲ್ಲು ಹೂಬಿಡುವುದು ಬೆಳಗಿನ ಹತ್ತು ಹನ್ನೊಂದರ ಹೊತ್ತು. ಆಗ 35 ಡಿಗ್ರಿ ದಾಟಿದರೆ ಪರಾಗ ಕೆಡುತ್ತದೆ, ಕಾಳು ಜೊಳ್ಳಾಗುತ್ತದೆ. ಎಲೆ ಎಷ್ಟೇ ಸಕ್ಕರೆ ಮಾಡಲಿ, ಜೊಳ್ಳಿಗೆ ತುಂಬೋಕಾಗಲ್ಲ. ರಾತ್ರಿಯ ಬಿಸಿಯೂ ಇದೆ. ರಾತ್ರಿಯ ಕನಿಷ್ಠ ಬಿಸಿ ಒಂದು ಡಿಗ್ರಿ ಏರಿದರೆ ಬೇಸಿಗೆ ನೆಲ್ಲಿನ ಇಳುವರಿ ಸುಮಾರು ಶೇ 10 ಕಡಿಮೆಯಾಗುತ್ತದೆ ಅಂತ ಫಿಲಿಪೈನ್ಸ್‌ನ ಅದೇ ಸಂಸ್ಥೆಯ ಹೊಲದ ಲೆಕ್ಕ 2004ರಲ್ಲೇ ತೋರಿಸಿತು. ಹಾಗಾಗಿ ಎಲೆಯನ್ನು ತಿದ್ದಿದರೆ ಎಲ್ಲ ಸರಿಹೋಗುತ್ತೆ ಅಂತ ಯಾರಾದರೂ ನಮ್ಮೂರಿಗೆ ಬಂದು ಹೇಳಿದರೆ ನಂಬಬಾರದು. ಅವರಿಗೆ ಎದುರು ಪ್ರಶ್ನೆ ಕೇಳೋಕೆ ನಮ್ಮ ಕೈಯಲ್ಲಿ ನಮ್ಮದೇ ಅಂಕಿ ಇರಬೇಕು.

ಹತ್ತಿಯಲ್ಲಿ ನಾವು ಅದನ್ನು ಅನುಭವಿಸಿದ್ದೇವೆ. 2002ರಲ್ಲಿ ಬಿಟಿ ಹತ್ತಿಗೆ, ಅಂದರೆ ಕಾಯಿಕೊರಕ ತಡೆಯಲಿ ಅಂತ ಹೊರಗಿನ ಜೀನ್ ಸೇರಿಸಿದ ಹತ್ತಿಗೆ, ಒಪ್ಪಿಗೆ ಸಿಕ್ಕಿತು. ಮೊದಲ ವರ್ಷಗಳಲ್ಲಿ ಔಷಧದ ಖರ್ಚು ಉಳಿದದ್ದನ್ನು ಅಣ್ಣ ಈಗಲೂ ನೆನೆಯುತ್ತಾನೆ. ಆಮೇಲೆ ಗುಲಾಬಿ ಕಾಯಿಕೊರಕ ಅದಕ್ಕೂ ಒಗ್ಗಿಕೊಂಡಿತು. ಬೀಜ ಮಾತ್ರ ಪ್ರತಿ ವರ್ಷ ಕೊಳ್ಳಲೇಬೇಕು, ಅದು ಹೈಬ್ರಿಡ್. ಬಿಪಿಟಿ ನೆಲ್ಲು ಹಾಗಲ್ಲ. ಬಾಪಟ್ಲದ ಸರಕಾರಿ ಕೇಂದ್ರದಿಂದ ಬಂದ ತಳಿ, ಮನೆಯಲ್ಲೇ ಬೀಜ ಇಟ್ಟುಕೊಳ್ಳಬಹುದು, ಪಕ್ಕದವರಿಗೆ ಕೊಡಬಹುದು. ನಾಳೆ ಎಲೆ ತಿದ್ದಿದ ನೆಲ್ಲು ಬರುವುದಾದರೆ ಅದು ಇಂಥ ಬೀಜದಲ್ಲೇ, ನಿಮ್ಮಂಥ ಸರಕಾರಿ ಸಂಸ್ಥೆಯ ಕೈಯಿಂದಲೇ ಬರಬೇಕು.

ಅದು ಆಗದ ಮಾತೇನಲ್ಲ. 2025ರ ಮೇನಲ್ಲಿ ಕೇಂದ್ರ ಸರಕಾರ ಜೀನ್ ತಿದ್ದಿದ ಎರಡು ನೆಲ್ಲಿನ ತಳಿಗಳನ್ನು ಪ್ರಕಟಿಸಿತು. ಒಂದನ್ನು ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ ಮಾಡಿದೆ. ಅದರ ತಾಯಿ ತಳಿ ನಮ್ಮ ಬಿಪಿಟಿ 5204, ಸಾಂಬಾ ಮಸೂರಿ. ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆ ಅಂತ ಹೇಳಿದ್ದಾರೆ. 20 ದಿನದ ನೀರು ಉಳಿದರೆ ಕೊನೆ ಭಾಗಕ್ಕೆ ಅದೆಷ್ಟು ದೊಡ್ಡದು! ಇನ್ನೊಂದು ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯದ್ದು, ಚೌಳು ನೆಲ ತಡೆಯಲಿ ಅಂತ ಮಾಡಿದ್ದು. ನಮ್ಮಲ್ಲಿ ಚೌಳಾದ ನೆಲಕ್ಕೆ ಬರವಿಲ್ಲ. ಇವೆರಡೂ ಎಲೆಯ ಕೆಲಸ ತಿದ್ದಿದವಲ್ಲ. ಗಿಡದ ಸ್ವಂತ ಜೀನನ್ನೇ ಸ್ವಲ್ಪ ಬದಲಿಸಿದವು. ಹೊರಗಿನ ಜೀನ್ ಸೇರದ ಇಂಥ ತಿದ್ದುಪಡಿಗೆ 2022ರಿಂದ ನಿಯಮ ಸಡಿಲವಾಗಿದೆ. ಪಾಚಿಯದೋ ಕುಂಬಳದ್ದೋ ಜೀನ್ ತಂದರೆ ಪೂರ್ತಿ ಪರೀಕ್ಷೆಯ ದಾರಿಯನ್ನೇ ಹಿಡಿಯಬೇಕು, ರಾಜ್ಯ ಸರಕಾರದ ಒಪ್ಪಿಗೆಯೂ ಬೇಕು. ಅದು ಸರಿಯೇ. ನಾನು ಅವಸರ ಮಾಡಿ ಅನ್ನುತ್ತಿಲ್ಲ.

ನಾನು ಕೇಳುವುದಕ್ಕೆ ಯಾವ ಒಪ್ಪಿಗೆಯೂ ಬೇಕಿಲ್ಲ. ಎಲೆಯನ್ನು ಒಂದು ಸಣ್ಣ ಡಬ್ಬಿಯ ಬಾಯಲ್ಲಿ ಹಿಡಿದು, ಅದು ಎಷ್ಟು ಇಂಗಾಲ ತೆಗೆದುಕೊಂಡಿತು, ಎಷ್ಟು ನೀರು ಬಿಟ್ಟಿತು ಅಂತ ನಿಮಿಷಗಳಲ್ಲಿ ಹೇಳುವ ಯಂತ್ರ ಇದೆ. ಕೈಯಲ್ಲಿ ಹಿಡಿದು ಗದ್ದೆಗೆ ಒಯ್ಯಬಹುದು. ಅದನ್ನು ನಮ್ಮ ಗದ್ದೆಗೆ ತನ್ನಿ. ಗಂಗಾವತಿ, ಸಿರುಗುಪ್ಪ, ಹಗರಿ, ಎಲ್ಲ ಕಡೆ ನಿಮ್ಮ ಕೇಂದ್ರಗಳಿವೆ. ನಾವು ಬೆಳೆಯುವ ಬಿಪಿಟಿ, ಗಂಗಾವತಿ ಸೋನಾ ಮತ್ತು ನಿಮ್ಮ ಬೀಜ ಭಂಡಾರದಲ್ಲಿರುವ ಹಳೇ ತಳಿಗಳು, ಇವುಗಳ ಪಕ್ಕದಲ್ಲಿ ಮಾಲ್ದಂಡಿ ಜೋಳ. ಮಾರ್ಚ್‌ನಿಂದ ಮೇ ತನಕ, ಬೆಳಗ್ಗೆ, ನಡುಮಧ್ಯಾಹ್ನ, ಸಂಜೆ ಅಳೆಯಿರಿ. ಯಾವ ತಳಿಯ ಎಲೆ ಯಾವ ಡಿಗ್ರಿಗೆ ಸೋಲುತ್ತದೆ? ಮಧ್ಯಾಹ್ನ ಸೋತದ್ದು ಸಂಜೆಗೆ ಚೇತರಿಸಿಕೊಳ್ಳುತ್ತದಾ? ಕೊನೆ ಭಾಗದಲ್ಲಿ ನೀರು ತಡವಾದ ಗದ್ದೆಯಲ್ಲಿ ಎಷ್ಟು? ಹಳೇ ತಳಿಗಳಲ್ಲಿ ಒಂದಾದರೂ 40 ಡಿಗ್ರಿಯಲ್ಲಿ ಕೆಲಸ ಬಿಡದೆ ನಿಂತಿದ್ದರೆ, ಅದರ ಆಕ್ಟಿವೇಸ್ ನೋಡಬೇಕು. ನಾಳೆ ಜೀನ್ ತಿದ್ದುವವರಿಗೆ ಅಲ್ಲಿಂದಲೇ ದಾರಿ ಸಿಗಬಹುದು. ತಿದ್ದದೆ, ಬರೀ ತಳಿ ಸಂಕರದಿಂದಲೂ ಆಗಬಹುದು.

ಇಳುವರಿಯನ್ನು ಎಕರೆಗೆ ಎಷ್ಟು ಚೀಲ ಅಂತ ಮಾತ್ರ ಬರೆಯಬೇಡಿ. ನೀರಿಗೆ ಎಷ್ಟು ಕಾಳು ಅಂತಲೂ ಬರೆಯಿರಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. 2018ರಲ್ಲಿ ತಂಬಾಕಿನಲ್ಲಿ ಕ್ಲೋರೋಪ್ಲಾಸ್ಟಿನ ಒಂದೇ ಒಂದು ಪ್ರೊಟೀನ್ ಹೆಚ್ಚಿಸಿದರು. ಎಲೆಯ ರಂಧ್ರಗಳು ಅಷ್ಟಾಗಿ ತೆರೆಯಲಿಲ್ಲ. ಹಿಡಿದ ಇಂಗಾಲದ ಲೆಕ್ಕಕ್ಕೆ ನೀರಿನ ನಷ್ಟ ಕಾಲುಭಾಗ ಇಳಿಯಿತು, ಅದೂ ಹೊಲದಲ್ಲಿ. ಲೋಕವೆಲ್ಲ ಎಲೆಯ ಕೆಲಸ ಹೆಚ್ಚಿಸುವುದು ಅಂದರೆ ಹೆಚ್ಚು ಇಳುವರಿ ಅಂತ ನೋಡುತ್ತಿದೆ. ನನ್ನ ಗಂಡನ ಮನೆಯಲ್ಲಿ ನೆಲ್ಲಿಗೆ ಬೆಲೆ ಸಿಗದೆ ಚೀಲ ಪೇರಿಸಿಟ್ಟ ವರ್ಷಗಳಿವೆ. ಅದೇ ವರ್ಷ ತವರಿನಲ್ಲಿ ಒಂದು ಸರ್ತಿ ನೀರು ಸಿಗದೆ ಪೈರು ಒಣಗಿದೆ. ನಮಗೆ ಇನ್ನೂ ನಾಲ್ಕು ಚೀಲಕ್ಕಿಂತ, ಇಷ್ಟೇ ಚೀಲ ಕಡಿಮೆ ನೀರಲ್ಲಿ ಬಂದರೆ ಸಾಕು. ಉಳಿದ ನೀರು ಕೆಳಗೆ ಹರಿಯಲಿ. ಈ ಪ್ರಶ್ನೆಯನ್ನು ಇಲಿನಾಯ್‌ನವರು ನಮಗಾಗಿ ಕೇಳುವುದಿಲ್ಲ. ನೀವೇ ಕೇಳಬೇಕು.

ಜೋಳವನ್ನು ಬರೀ ಹೋಲಿಕೆಗೆ ಇಡಬೇಡಿ ಅಂತಲೂ ಬೇಡಿಕೊಳ್ಳುತ್ತೇನೆ. ಎಲೆಯ ವಿಷಯದಲ್ಲಿ ನೆಲ್ಲು ಕಲಿಯಬೇಕಾದ್ದನ್ನೆಲ್ಲ ಕಲಿತು ಕೂತಿರುವ ಬೆಳೆ ಅದು. ಅದಕ್ಕೆ ಬೇಕಾದ್ದು ಒಳ್ಳೆ ಬೆಲೆ, ಕೊಯ್ಲಿಗೆ ಯಂತ್ರ, ಹಕ್ಕಿ ಕಾಯುವ ಕಷ್ಟಕ್ಕೆ ಒಂದು ದಾರಿ.

ದುಡ್ಡು ಎಲ್ಲಿಂದ ಅಂತ ನೀವು ಕೇಳಬಹುದು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷ ವರ್ಷ ಅನುದಾನ ಬರುತ್ತದೆ. ರಸ್ತೆ, ಕಟ್ಟಡ ಬೇಕು ನಿಜ. ಅದರಲ್ಲಿ ಒಂದು ಸಣ್ಣ ಪಾಲು ಎರಡು ಯಂತ್ರಕ್ಕೆ, ನಾಲ್ಕು ಸಂಶೋಧನಾ ವಿದ್ಯಾರ್ಥಿಗಳಿಗೆ ಸಿಗಲಿ ಅಂತ ನೀವು ಪ್ರಸ್ತಾವ ಕಳಿಸಿದರೆ, ಸಿಂಧನೂರು, ಮಾನ್ವಿ, ಸಿರವಾರದ ರೈತರ ಸಹಿ ಸಂಗ್ರಹಿಸಿ ಕೊಡುವ ಕೆಲಸ ನನ್ನದು.

ನಿಮ್ಮ ಕ್ಯಾಂಪಸ್ಸಿನಲ್ಲಿ ಯಾರಾದರೂ ಈಗಾಗಲೇ ಇದನ್ನು ಅಳೆದಿದ್ದರೆ, ದಯವಿಟ್ಟು ಆ ಅಂಕಿಗಳನ್ನು ಇಂಗ್ಲಿಷ್ ಪ್ರಬಂಧದೊಳಗೆ ಬಿಡಬೇಡಿ. ಕನ್ನಡದಲ್ಲಿ ಒಂದು ಹಾಳೆ ಮಾಡಿ ಕೃಷಿ ಮೇಳದಲ್ಲಿ ಹಂಚಿ, ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿಸಿ. ಎಲೆಯ ಬಣ್ಣ ನೋಡಿ ಯೂರಿಯಾ ಹಾಕುವ ಪಟ್ಟಿಯನ್ನೂ ಅದರ ಜೊತೆ ಕೊಡಿ. ಮುಂದಿನ ಸಲ ಟಾನಿಕ್ ಮಾರಲು ಬಂದವರಿಗೆ ನನ್ನ ಮೈದುನ ಆ ಹಾಳೆ ತೋರಿಸಲಿ.

ಕೊನೆಯದಾಗಿ ಒಂದು ಆಹ್ವಾನ. ನಮ್ಮ ಮನೆಯ ಎರಡು ಎಕರೆ ಗದ್ದೆ ಸಿಂಧನೂರು ಹತ್ತಿರ ರಸ್ತೆಯ ಪಕ್ಕದಲ್ಲೇ ಇದೆ. ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ, ಮಾರ್ಚ್ ಕೊನೆಯ ವಾರ ನೆಲ್ಲು ಹೂಬಿಡುತ್ತದೆ. ಮಾವನವರು ಒಪ್ಪಿದ್ದಾರೆ. ಬದುವಿನ ಆಚೆ ಒಂದು ಮಡಿಯಲ್ಲಿ ಜೋಳ ಹಾಕಿಸುತ್ತೇನೆ, ಬೀಜ ತವರಿನಿಂದ ತರುತ್ತೇನೆ. ನೀರು ಬಿಡದ ವರ್ಷವಾದರೆ ಅಣ್ಣನ ಎರೆ ಹೊಲ ಇದೆ. ನಿಮ್ಮವರು ಯಂತ್ರ ತಂದರೆ ಸಾಕು. ಬೆಳಗ್ಗೆ ಆರರಿಂದ ಸಂಜೆ ಆರರ ತನಕ ಗಂಟೆಗೊಮ್ಮೆ ಅಂಕಿ ಬರೆದುಕೊಳ್ಳೋಕೆ ನನ್ನ ಹನ್ನೆರಡು ವಿದ್ಯಾರ್ಥಿಗಳು ಹೆಸರು ಕೊಟ್ಟಿದ್ದಾರೆ. ಮೊದಲ ಹೆಸರು ಆ ಹಿಂದಿನ ಬೆಂಚಿನ ಹುಡುಗನದು. ಮಧ್ಯಾಹ್ನ ಹನ್ನೆರಡರಿಂದ ಮೂರರ ಪಾಳಿ ತನಗೇ ಬೇಕು ಅಂದಿದ್ದಾನೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಸಿಂಧನೂರಿನ ಒಬ್ಬ ಜೀವಶಾಸ್ತ್ರ ಉಪನ್ಯಾಸಕಿ